ಪಿತೃಪಕ್ಷ ಕಾಯುವ ಸೆವ್ರಿನ್ ಬಾಯಿ

ಬೆಳಗಿನ ಆರೂವರೆ. ಅಟ್ಲಾಂಟಾ ಪಕ್ಕದ ಡುಲುತ್‌ನ ಸಾಲು ಅಂಗಡಿಗಳ ಮುಂದಿನ ದೀಪಗಳು ಇನ್ನೂ ಆರಿಲ್ಲ. ಮೂಲೆಯ ಕೊರಿಯನ್ ಬೇಕರಿಯಿಂದ ಬ್ರೆಡ್ಡಿನ ವಾಸನೆ ಬರುತ್ತಿದೆ, ಉಳಿದ ಅಂಗಡಿಗಳೆಲ್ಲ ಮಲಗಿವೆ. ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಬೀಗದ ಕೈಗಳ ಗೊಂಚಲು ಹಿಡಿದು ಸೆವ್ರಿನ್ ಲೋಬೊ ಕಾರಿನಿಂದ ಇಳಿಯುತ್ತಿದ್ದಾರೆ. ಇಳಿಯುವುದೆಂದರೆ ಅವರಿಗೆ ಒಂದು ಕೆಲಸ. ಎಡಗಾಲು ಹೊರಗಿಟ್ಟು, ಬಾಗಿಲು ಹಿಡಿದು, ಒಂದು ಉಸಿರು ಬಿಟ್ಟು, ಆಮೇಲೆ ಬಲಗಾಲು. "ನನ್ನ ಮಂಡಿ ನನಗಿಂತ ತಡವಾಗಿ ಏಳುದು," ಎನ್ನುತ್ತಾರೆ. ನಗುವುದಿಲ್ಲ.

ಇನ್ಶೂರೆನ್ಸ್ ಆಫೀಸಿನ ಬಾಗಿಲ ಮುಂದಿನ ಕಟ್ಟೆಯ ಮೇಲೆ ಒಬ್ಬ ಯುವಕ ಕೂತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ, ಕೆದರಿದ ತಲೆ, ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು. ಹೆಸರು ಸಿದ್ಧಾರ್ಥ್, ಮೈಸೂರಿನವನು, ಅಲ್ಫರೆಟಾದ ಕಂಪನಿಯೊಂದಕ್ಕೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಇವರನ್ನು ಕಂಡೊಡನೆ ಎದ್ದು ನಿಂತ.

"ಆಂಟಿ, ಒಂದು ಸಣ್ಣ ಚೇಂಜ್ ಮಾಡ್ಬೇಕಿತ್ತು. ನನ್ ಪಾಲಿಸಿ ನವರಾತ್ರಿ ಮೊದಲ್ನೇ ದಿನದಿಂದ ಶುರು ಅಲ್ವಾ? ಅದನ್ನ ನಿನ್ನೆಯಿಂದ ಸ್ಟಾರ್ಟ್ ಮಾಡಕ್ಕಾಗತ್ತಾ?"

ಸೆವ್ರಿನ್ ಬಾಯಿ ಬೀಗ ತೆಗೆದರು, ದೀಪ ಹಾಕಿದರು, ಫ್ಯಾಕ್ಸ್ ಮಿಷನ್ನಿಗೆ ಕಾಗದ ತುಂಬಿದರು. ಆಮೇಲೆ ತಿರುಗಿ ನೋಡದೆಯೇ ಕೇಳಿದರು:

"ಎಲ್ಲಿ ತಾಗಿಸಿದ್ದು ಮಗಾ?"

ಸಿದ್ಧಾರ್ಥ್ ಕುರ್ಚಿಗೆ ಕುಸಿದ. ನಿನ್ನೆ ಸಂಜೆ ಫೋರ್ ಹಂಡ್ರೆಡ್ ಹೆದ್ದಾರಿಯಿಂದ ಇಳಿಯುವ ರ‍್ಯಾಂಪಿನಲ್ಲಿ ಮುಂದಿನ ಕಾರು ತಟ್ಟನೆ ನಿಂತಿತಂತೆ. ಇವನು ಬ್ರೇಕ್ ಒತ್ತುವಷ್ಟರಲ್ಲಿ ಅದಕ್ಕೆ ಹಿಂದಿನಿಂದ ಗುದ್ದಿಯಾಗಿತ್ತು. ಆ ಕಾರಿನ ಹೆಂಗಸು ಕತ್ತು ಹಿಡಿದುಕೊಂಡು ಇಳಿದಳು, ಆಸ್ಪತ್ರೆಗೆ ಹೋದಳು. ಪೊಲೀಸರು ಬಂದರು, ಇವನ ಕೈಗೆ ಟಿಕೆಟ್ ಕೊಟ್ಟರು. "ಅವ್ರು ಸ್ಯೂ ಮಾಡಿ ಕೋರ್ಟಿಗೆ ಎಳೀತಾರಾ ಆಂಟಿ? ನನ್ ವೀಸಾಗೆ ಏನಾದ್ರೂ ಆಗತ್ತಾ?"

"ಕಾರು ಯಾರದ್ದು?"

ನೆಲ ನೋಡಿಕೊಂಡು ಹೇಳಿದ: "ಜಯಂತಿ ಆಂಟಿದು."

ಸೆವ್ರಿನ್ ಬಾಯಿಯ ಕೈ ಫ್ಲಾಸ್ಕಿನ ಮುಚ್ಚಳದ ಮೇಲೆ ಹಾಗೇ ನಿಂತಿತು.

ಇಷ್ಟು ಹೊತ್ತಿಗೆ ನಾನು ಯಾರೆಂದು ಹೇಳಬೇಕು. ನಾನಿರುವುದು ವಾಷಿಂಗ್ಟನ್ ಪಕ್ಕದ ಗೈದರ್ಸ್‌ಬರ್ಗಿನಲ್ಲಿ. ಕಾರ್ ಇನ್ಶೂರೆನ್ಸಿನ ಲಕೋಟೆ ಬಂದರೆ ಬಿಚ್ಚದೆಯೇ ಚೆಕ್ ಬರೆದು ಕಳಿಸುವ ಜಾತಿ. ವಾಷಿಂಗ್ಟನ್ ಕಡೆಯ ಗೆಳೆಯರ ಮನೆಯಲ್ಲಿ ಒಮ್ಮೆ ಮಾತಿಗೆ ಮಾತು ಬಂದು, ಅಟ್ಲಾಂಟಾದಲ್ಲಿ ಒಬ್ಬ ಕ್ರಿಶ್ಚಿಯನ್ ಹೆಂಗಸು ಪಂಚಾಂಗ ನೋಡಿ ಇನ್ಶೂರೆನ್ಸ್ ಬರೆಯುತ್ತಾಳೆ ಎಂದು ಯಾರೋ ನಕ್ಕರು. ನನಗೆ ನಗು ಬರಲಿಲ್ಲ, ಕುತೂಹಲ ಬಂತು. ಅವರ ಒಂದು ದಿನ ನೋಡೋಣವೆಂದು ಬಂದವನಿಗೆ ಸಿಕ್ಕಿದ್ದು ಈ ದಿನ.

ಗೋಡೆಯಲ್ಲಿ ಪಂಚಾಂಗ ಇರುವುದು ನಿಜ. ಬಾಲಯೇಸುವಿನ ಚಿತ್ರದ ಪಕ್ಕದಲ್ಲೇ ತೂಗುತ್ತಿದೆ. ಆಷಾಢಕ್ಕೊಂದು ಕೆಂಪು ಗೆರೆ, ಪಿತೃಪಕ್ಷಕ್ಕೊಂದು ಕೆಂಪು ಗೆರೆ. "ನನಗೆ ಈಸ್ಟರ್ ಯಾವತ್ತು ಅಂತ ಮರೆತು ಹೋದೀತು ಮಾರಾಯ್ರೇ, ನಿಮ್ಮ ಮಹಾಲಯ ಅಮಾವಾಸ್ಯೆ ಮರೆಯುದಿಲ್ಲ. ನಿಮಗದು ಹಿರಿಯರ ಕಾಲ, ನನಗೆ ಎದೆ ಹೊಡ್ಕೊಳ್ಳುವ ಕಾಲ."

ಯಾಕೆಂದರೆ, ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆ ತಲೆ ಕೆಡುತ್ತದಂತೆ. ಅದನ್ನು ಸರಿಮಾಡಲು ನಮ್ಮ ಹುಡುಗ ಹುಡುಗಿಯರು ವಾರವಾರವೂ ಇಲ್ಲಿ ಬಂದಿಳಿಯುತ್ತಿದ್ದಾರೆ. ಇದು ಬಸ್ಸಿಲ್ಲದ ಸೀಮೆ, ಹಾಲು ತರುವುದಕ್ಕೂ ಕಾರು ಬೇಕು. ಕಾರು ಕೊಳ್ಳುವುದೇನೋ ಸಲೀಸು, ಕೊಂಡದ್ದನ್ನು ಯಾವತ್ತು ಮುಟ್ಟಬೇಕು ಅನ್ನುವುದೇ ಕಷ್ಟ. ಆಷಾಢ ಬೇಡ, ಪಿತೃಪಕ್ಷ ಬೇಡ, ಅಮಾವಾಸ್ಯೆ ಬೇಡ, ಮಂಗಳವಾರವಂತೂ ಬೇಡವೇ ಬೇಡ ಎಂದು ಊರಿನಿಂದ ತಾಯಂದಿರು ಫೋನಿನಲ್ಲಿ ಹೇಳುತ್ತಾರೆ. ಹುಡುಗರು ಹೂಂ ಅನ್ನುತ್ತಾರೆ. ದುಡ್ಡು ಕೊಟ್ಟ ಕಾರು ಮಾರಿದವನ ಮನೆಯ ಮುಂದೆಯೇ ನಿಂತಿರುತ್ತದೆ. ಪಾಲಿಸಿಯನ್ನು ಒಳ್ಳೆಯ ದಿನದಿಂದ ಶುರುವಾಗುವ ಹಾಗೆ ಬರೆಸುತ್ತಾರೆ. ಆದರೆ ಆಫೀಸಿಗೆ ನಾಳೆಯೇ ಹೋಗಬೇಕಲ್ಲ. ಆ ನಡುವಿನ ದಿನಗಳಲ್ಲಿ ಯಾರದಾದರೂ ಕಾರು ಎರವಲು ತರುತ್ತಾರೆ.

ಆ ನಡುವಿನ ದಿನಗಳನ್ನು ಕಾಯುವುದೇ ಸೆವ್ರಿನ್ ಬಾಯಿಯ ಕೆಲಸ. ಹದಿನೈದು ದಿನಕ್ಕೆ, ಒಂದು ತಿಂಗಳಿಗೆ, ಎರಡು ತಿಂಗಳಿಗೆ ಬೇಕಾಗುವ ಇನ್ಶೂರೆನ್ಸು. ಏಜೆನ್ಸಿಯ ಮಾಲೀಕ ವಾರಕ್ಕೊಮ್ಮೆ ಬರುವ ದೊಡ್ಡ ಮನುಷ್ಯ. ಮನೆ, ವ್ಯಾಪಾರ, ಜೀವವಿಮೆ ಎಲ್ಲ ಅವನ ಪಾಲು. ಚಿಲ್ಲರೆ ಗಿರಾಕಿಗಳು ಇವರ ಪಾಲು. ಕಮಿಷನ್ ಎಷ್ಟು ಎಂದು ಕೇಳಿದರೆ ಕೈ ಆಡಿಸಿ ಸುಮ್ಮನಾಗುತ್ತಾರೆ.

ಏಳೂವರೆಗೆಲ್ಲ ಫೋನು ಶುರುವಾಗುತ್ತದೆ. ಮೊದಲ ಕರೆ ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ನಿಂದ ಒಬ್ಬ ಹುಡುಗನದು. ಊರಿಗೆ ವಾಪಸ್ಸು ಹೋಗುತ್ತಿರುವ ಗೆಳೆಯನ ಕೊರೊಲಾ ಕಾರು ಕೊಂಡಿದ್ದಾನಂತೆ, ಅದರಲ್ಲಿ ಇನ್ನೂ ನಾಲ್ಕು ತಿಂಗಳ ಇನ್ಶೂರೆನ್ಸ್ ಬಾಕಿ ಇದೆಯಂತೆ, ತನ್ನದನ್ನು ಆಮೇಲೆ ತೆಗೆದುಕೊಂಡರೆ ಸಾಕಲ್ಲವೇ ಅಂತ ಪ್ರಶ್ನೆ. ಬೆಂಗಳೂರಿನಲ್ಲಿ ಸ್ಕೂಟರು ಕೊಂಡು ಅಭ್ಯಾಸವಾದ ನಮ್ಮವರು ಎಲ್ಲರೂ ಮಾಡುವ ತಪ್ಪಿದು. ಅಲ್ಲಿ ಗಾಡಿಯ ಹಿಂದೆಯೇ ಕಾಗದವೂ ಬರುತ್ತದೆ ಎಂಬ ನಂಬಿಕೆ. "ಇಲ್ಲಿ ಹಾಗಲ್ಲ ಮಗಾ. ಕಾರು ಮಾರಿದ ಕ್ಷಣಕ್ಕೆ ಅವನ ಇನ್ಶೂರೆನ್ಸಿಗೂ ನಿನಗೂ ಸಂಬಂಧ ಇಲ್ಲ. ಕಾರು ಹೊರಗೆ ತೆಗೀಬೇಡ, ಆಯ್ತಾ? ಅಲ್ಲಿಯೇ ನಿಲ್ಸಿ ನಿಮ್ಮ ಊರಿನ ಏಜೆಂಟಿಗೆ ಫೋನ್ ಮಾಡು. ನನಗೆ ನಿಮ್ಮ ಸ್ಟೇಟಿನಲ್ಲಿ ಬರೀಲಿಕ್ಕೆ ಲೈಸೆನ್ಸ್ ಇಲ್ಲ." ಅಂದರೆ ಈ ಕರೆಯಿಂದ ಇವರಿಗೆ ಬಿಡಿಗಾಸೂ ಇಲ್ಲ. ಆದರೂ ಅವನು ಸರಿ ಅನ್ನುವವರೆಗೆ ಬಿಡಲಿಲ್ಲ.

ಮುಂದಿನವಳು ಷಾರ್ಲಟ್‌ನಿಂದ ಡುಲುತ್‌ಗೆ ಈಚೆಗೆ ಮನೆ ಬದಲಿಸಿದವಳು. ತಮ್ಮ ಎರಡು ವಾರಕ್ಕೆ ಬರುತ್ತಿದ್ದಾನೆ, ಬಾಡಿಗೆ ಕಾರು ತೆಗೆಯಲೇ, ನನ್ನ ಕಾರನ್ನೇ ಕೊಡಲೇ ಎಂದು ಕೇಳುತ್ತಾಳೆ. ಇವರು ಅವಸರ ಮಾಡುವುದಿಲ್ಲ. ಎಷ್ಟು ದಿನ, ದಿನಾ ಓಡಿಸುತ್ತಾನೋ ಅಪರೂಪಕ್ಕೋ, ಎಲ್ಲಿ ಮಲಗುತ್ತಾನೆ ಎಂದೆಲ್ಲ ಕೇಳುತ್ತಾರೆ. ಒಂದೆರಡು ದಿನಕ್ಕಾದರೆ ಬಾಡಿಗೆ ಕಾರು, ಅದರ ಕೌಂಟರಿನಲ್ಲಿ ಕೊಡುವ ಇನ್ಶೂರೆನ್ಸು ಸಾಕು. ಎರಡು ವಾರಕ್ಕೆ ಅದು ಕೈ ಸುಡುತ್ತದೆ. ನಿನ್ನ ಕಾರನ್ನೇ ಓಡಿಸುವುದಾದರೆ ನಿನ್ನ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಅವನ ಹೆಸರನ್ನು ಅಷ್ಟು ದಿನಕ್ಕೆ ಸೇರಿಸಿಡು ಎನ್ನುತ್ತಾರೆ. ಮೂರ್ನಾಲ್ಕು ತಿಂಗಳು ಇದ್ದು, ಕಂಡಕಂಡವರ ಕಾರು ಓಡಿಸುವವನಾದರೆ ಸ್ವಂತ ಕಾರಿಲ್ಲದವರಿಗೆಂದೇ ಬೇರೆ ಪಾಲಿಸಿ ಇದೆ. ಆರು ತಿಂಗಳದ್ದು ತಗೊಂಡು ನಡುವೆ ಮುರಿದರಾಯಿತು ಎನ್ನುವವರಿಗೆ ಅವರದು ಒಂದೇ ಮಾತು: "ಮುರಿದ್ರೆ ಎಷ್ಟು ವಾಪಸ್ ಕೊಡ್ತೀರಿ ಅಂತ ಸೈನ್ ಮಾಡುವ ಮೊದಲೇ ಕೇಳಿ. ಕೆಲವರು ಉಳಿದ ದಿನದ್ದು ಪೂರ್ತಿ ಕೊಡ್ತಾರೆ, ಕೆಲವರು ಸ್ವಲ್ಪ ಹಿಡ್ಕೊಂಡು ಕೊಡ್ತಾರೆ."

ಇದೆಲ್ಲ ನನಗೂ ಇವತ್ತೇ ಅರ್ಥವಾದದ್ದು. ಇಷ್ಟು ವರ್ಷ ಬಿಚ್ಚದ ಲಕೋಟೆಗಳೆಲ್ಲ ಕಣ್ಣ ಮುಂದೆ ಬಂದವು.

ಈ ಮಾತುಗಳ ನಡುವೆ ಸಿದ್ಧಾರ್ಥ್ ಹಿಂದಿನ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ. ನಿನ್ನೆಯ ತಾರೀಖು ಹಾಕುವುದಿಲ್ಲವೆಂದು ಸೆವ್ರಿನ್ ಬಾಯಿ ಮೊದಲೇ ಹೇಳಿಯಾಗಿದೆ. "ಆದದ್ದರ ಮೇಲೆ ಬರೀಲಿಕ್ಕೆ ಆಗುದಿಲ್ಲ. ನನ್ನ ಲೈಸೆನ್ಸ್ ಹೋಗ್ತದೆ, ನೀನು ಇನ್ನೂ ದೊಡ್ಡ ಗುಂಡಿಗೆ ಬೀಳ್ತಿ. ಮತ್ತೆ ಬೇಕೂ ಇಲ್ಲ. ಕಾರು ಜಯಂತಿಯದ್ದು, ಅವಳೇ ಕೊಟ್ಟದ್ದು. ಹಾಗೆ ಒಪ್ಪಿ ಕೊಟ್ಟ ಕಾರು ಓಡಿಸಿದ್ರೆ ಅವಳ ಇನ್ಶೂರೆನ್ಸೇ ನಿನ್ನನ್ನು ಕಾಯ್ತದೆ. ಅವಳು 'ನಾನೇ ಕೊಟ್ಟೆ' ಅಂತ ಕಂಪನಿಗೆ ಹೇಳ್ಬೇಕು, ಅಷ್ಟೇ."

ಅಷ್ಟೇ ಎಂದಷ್ಟು ಸುಲಭವಾಗಿ ಅವರ ಮುಖ ಇರಲಿಲ್ಲ.

ಈ ಇಬ್ಬರು ಹೆಂಗಸರ ಕಥೆ ಕೇಳಿದರೆ ಯಾಕೆಂದು ಗೊತ್ತಾಗುತ್ತದೆ. ಸೆವ್ರಿನ್ ಬಾಯಿ ಮಂಗಳೂರಿನ ಕುಲಶೇಖರದವರು, ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಗಂಡ ಲಾರೆನ್ಸ್‌ನ ಅಕ್ಕ ಇಲ್ಲಿ ನರ್ಸು. ಆಕೆಯ ಬೆನ್ನು ಹಿಡಿದು ಎಪ್ಪತ್ತರ ದಶಕದ ಕೊನೆಗೆ ಬಂದರು. ಲಾರೆನ್ಸ್‌ಗೆ ವಿಮಾನ ನಿಲ್ದಾಣದಲ್ಲಿ ಸರಕು ಹೊರುವ ಕೆಲಸ. ಒಂದು ದಿನ ಪೆಟ್ಟಿಗೆಯೊಂದು ಜಾರಿ ಅವನ ಬೆನ್ನು ಮುರಿಯಿತು, ಅಂದಿನಿಂದ ಮನೆಯಲ್ಲೇ. ಇವರಿಗೆ ಆಗ ಡ್ರೈವಿಂಗ್ ಕೂಡ ಬರುತ್ತಿರಲಿಲ್ಲ. ಸಂಜೆ ಈ ಆಫೀಸನ್ನು ಗುಡಿಸಲು ಬರುತ್ತಿದ್ದರು. ಇಂಡಿಯನ್ನರ ಫೋನುಗಳು ಹೆಚ್ಚಾದಾಗ ಮಾಲೀಕ ಪೊರಕೆ ಬಿಡಿಸಿ ಫೋನು ಕೊಟ್ಟ. ಏಜೆಂಟರ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದರು. "ಮೂರನೇ ಸಲ ಪಾಸಾಗದಿದ್ರೆ ಮತ್ತೆ ಪೊರಕೆಯೇ. ಅದಕ್ಕೂ ನಾಚಿಕೆ ಇಲ್ಲ, ಮಂಡಿಗೆ ಮಾತ್ರ ಕಷ್ಟ," ಎನ್ನುತ್ತಾರೆ.

ಡ್ರೈವಿಂಗ್ ಕಲಿಸಿದವರು ಜಯಂತಿ. ಅವರೂ ಮಂಗಳೂರಿನ ಕಡೆಯವರೇ. ಗಂಡ ಶಾಂತಾರಾಮರ ಜೊತೆ ಇದೇ ಸಾಲಿನಲ್ಲಿ, ಎರಡು ಬಾಗಿಲು ಆಚೆ, ದಿನಸಿ ಅಂಗಡಿ ಇಟ್ಟಿದ್ದಾರೆ. ಗೋಡೆಯ ಪಂಚಾಂಗವೂ ಅವರದೇ ಅಂಗಡಿಯ ಯುಗಾದಿ ಉಡುಗೊರೆ. ಕಲಿಸಿದ್ದಷ್ಟೇ ಅಲ್ಲ, ಲಾರೆನ್ಸ್ ಹಾಸಿಗೆ ಹಿಡಿದ ಚಳಿಗಾಲ ಪೂರ್ತಿ ತಮ್ಮ ಕಾರನ್ನೇ ಇವರಿಗೆ ಬಿಟ್ಟುಕೊಟ್ಟಿದ್ದರು. ಆ ಅಂಗಡಿಯ ಕೌಂಟರಿನ ಹಿಂದೆ ಒಂದು ಮೊಳೆಯಲ್ಲಿ ಹಳೆಯ ಸ್ಟೇಷನ್ ವ್ಯಾಗನ್ನಿನ ಕೀ ತೂಗುತ್ತದೆ. ದೋಸೆ ಹಿಟ್ಟು, ಸಾರಿನ ಪುಡಿ ಮನೆಮನೆಗೆ ಮುಟ್ಟಿಸುವುದು ಅದರಲ್ಲೇ. ಉಳಿದ ಹೊತ್ತಿನಲ್ಲಿ ಹೊಸದಾಗಿ ಬಂದ ಯಾರಿಗಾದರೂ ಸರಿ, ಜಯಂತಿ ಆ ಕೀ ತೆಗೆದು ಕೊಟ್ಟುಬಿಡುತ್ತಾರೆ. ಕೊಡುವಾಗ ಎಣಿಸುವುದು ಅವರ ಜಾಯಮಾನವಲ್ಲ. ಸಿದ್ಧಾರ್ಥ್‌ಗೆ ಕೊಡುವಾಗ ಮಾತ್ರ ಒಂದು ಮಾತು ಸೇರಿಸಿದ್ದರಂತೆ: ಸೆವ್ರಿನ್ ಬಾಯಿಗೆ ಹೇಳ್ಬೇಡ, ಕೂಡಲೇ ಇನ್ಶೂರೆನ್ಸ್ ಕಾಗದ ತೆಗೀತಾರೆ.

ಪಾಲಿಸಿ ಬರೆಸಿದ ದಿನ ಸೆವ್ರಿನ್ ಬಾಯಿ ಅವನನ್ನು ಕೇಳಿಯೇ ಇದ್ದರು, ನವರಾತ್ರಿಯವರೆಗೆ ಆಫೀಸಿಗೆ ಹೇಗೆ ಹೋಗ್ತಿ ಅಂತ. ಸಹೋದ್ಯೋಗಿಯ ಜೊತೆ ಹೋಗುತ್ತೇನೆ ಎಂದಿದ್ದ. ಹಿರಿಯರು ಹೇಳಬೇಡ ಎಂದದ್ದನ್ನು ಹೇಳದಿರುವುದು ನಮ್ಮ ಮಕ್ಕಳಿಗೆ ಕಲಿಸಿದ ಮರ್ಯಾದೆ.

ಒಂಬತ್ತು ದಾಟಿದ ಮೇಲೆ ಜಯಂತಿ ಬಂದರು. ಸಣಕಲು ಹೆಂಗಸು, ಸೀರೆಯ ಮೇಲೆ ಗಂಡಸರ ಸ್ವೆಟರು, ಕೈಯಲ್ಲಿ ಅಂಗಡಿಯ ಹಿಟ್ಟಿನ ಬಿಳಿ ಇನ್ನೂ ಇದೆ. ಅವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ನಾನಿರುವುದನ್ನು ನೋಡಿ ಕನ್ನಡಕ್ಕೆ ತಿರುಗಿದರು. ನಾನು ಹೊರಗೆ ಹೋಗಲು ಎದ್ದೆ. "ಕೂತ್ಕೊಳ್ಳಿ, ಇದರಲ್ಲಿ ಮುಚ್ಚಿಡುವಂಥದ್ದು ಎಂತ ಇಲ್ಲ," ಎಂದರು ಜಯಂತಿ. ಹಿಂದಿನ ಕೋಣೆಯಲ್ಲಿ ಸಿದ್ಧಾರ್ಥ್ ಇರುವುದು ಅವರಿಗೆ ಗೊತ್ತಿರಲಿಲ್ಲ.

"ಕಂಪನಿಯವರು ಫೋನ್ ಮಾಡಿದ್ರು ಬಾಯಿ. ಕಾರು ನೀವು ಕೊಟ್ಟದ್ದಾ, ಅವನೇ ತಗೊಂಡು ಹೋದದ್ದಾ ಅಂತ ಕೇಳಿದ್ರು. ಆಮೇಲೆ ಹೇಳ್ತೇನೆ ಅಂತ ಇಟ್ಟೆ." ಕೈಯ ಹಿಟ್ಟು ಉಜ್ಜಿಕೊಳ್ಳುತ್ತಾ ಹೇಳಿದರು: "ಕೀ ಮೊಳೆಯಲ್ಲಿತ್ತು, ಹುಡುಗ ಕೇಳದೆ ತಗೊಂಡ ಅಂತ ಹೇಳು ಅಂತಾರೆ ಇವರು."

"ನೀನು ಎಂತ ಹೇಳ್ತಿ?"

"ನನಗೆ ಬೇರೆ ದಾರಿ ಉಂಟಾ? ಹೋದ ಚಳಿಗಾಲ ಇವರು ಐಸಿನ ಮೇಲೆ ಜಾರಿ ಗುದ್ದಿದ್ದು ಒಂದು. ಪಾರ್ಕಿಂಗಿನಲ್ಲಿ ನಾನು ತಾಗಿಸಿದ್ದು ಒಂದು. ಇದು ಮೂರನೇದ್ದು. ಡಿಸೆಂಬರಲ್ಲಿ ರಿನ್ಯೂ ಮಾಡುವಾಗ ಕಂಪನಿ ಬೇಡ ಅಂದ್ರೆ ವ್ಯಾಗನ್ ರಸ್ತೆಗೆ ಇಳಿಸುದು ಹೇಗೆ? ಮನೆಮನೆಗೆ ಹಿಟ್ಟು ಕೊಡದಿದ್ರೆ ಆ ಅಂಗಡಿ ಒಂದು ತಿಂಗಳು ನಿಲ್ಲುದಿಲ್ಲ, ನಿಮಗೆ ಗೊತ್ತುಂಟು."

ಸೆವ್ರಿನ್ ಬಾಯಿಗೆ ಗೊತ್ತು.

"ಹುಡುಗನ ಪಾಲಿಸಿ ನಿಮ್ಮ ಹತ್ರ ಅಲ್ವಾ, ನಿಮಗೂ ಫೋನ್ ಬರ್ತದೆ," ಜಯಂತಿ ಮುಂದುವರಿಸಿದರು. "ನೀವು ನನಗೋಸ್ಕರ ಸುಳ್ಳು ಹೇಳ್ಬೇಡಿ. ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ ಅಂತ ಹೇಳಿ, ಸಾಕು."

"ಗೊತ್ತುಂಟಲ್ಲ ಜಯಂತಿ."

"ಬಾಯಿ."

"ನೀನು ಕೇಳದೆ ತಗೊಂಡ ಅಂದ್ರೆ ಅದು ಕದ್ದದ್ದು ಅಂತ ಆಗ್ತದೆ. ಆ ಹೆಂಗಸಿನ ಆಸ್ಪತ್ರೆ, ಕಾರು, ಕೋರ್ಟು ಎಲ್ಲ ಈ ಹುಡುಗನ ತಲೆಗೆ. ಅವನಿಗೆ ಬೇರೆ ಇನ್ಶೂರೆನ್ಸ್ ಇಲ್ಲ. ನವರಾತ್ರಿಯಿಂದ ಶುರು ಅಂತ ನಾನೇ ಬರ್ದದ್ದು." ಸೆವ್ರಿನ್ ಬಾಯಿಯ ದನಿ ಏರಲಿಲ್ಲ. ಅದರಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು. "ಕೀ ಕೊಡುವಾಗ ಕಾರು ಮಾತ್ರ ಕೊಟ್ಟದ್ದಲ್ಲ ಜಯಂತಿ, ನಿನ್ನ ಹೆಸರೂ ಕೊಟ್ಟದ್ದು. ಈಗ ಹೆಸರು ವಾಪಸ್ ತಗೊಳ್ಳಿಕ್ಕೆ ಬರುದಿಲ್ಲ."

ಆಗ ಜಯಂತಿ ಒಂದು ಮಾತು ಆಡಿದರು. ಆಡಬಾರದಿತ್ತು ಎಂದು ಅವರಿಗೂ ಆ ಕ್ಷಣವೇ ಅನಿಸಿರಬೇಕು. "ಲಾರೆನ್ಸ್ ಬಿದ್ದಾಗ ನಿಮಗೆ ಕಾರು ಕೊಟ್ಟೆನಲ್ಲ, ಆಗ ನಾನು ಇಷ್ಟೆಲ್ಲ ನೋಡಿದ್ನಾ?"

"ನೋಡ್ಲಿಲ್ಲ," ಎಂದರು ಸೆವ್ರಿನ್ ಬಾಯಿ. "ಅವತ್ತು ನಾನು ಯಾರಿಗಾದ್ರೂ ಗುದ್ದಿದ್ರೆ ಎಂತ ಹೇಳ್ತಿದ್ದೆ? ಸೆವ್ರಿನ್ ಕೇಳದೆ ತಗೊಂಡದ್ದು ಅಂತಲಾ?"

ಜಯಂತಿ ಕಿಟಕಿಯ ಕಡೆ ನೋಡಿದರು. ನನಗೆ ಎದ್ದು ಓಡಿಹೋಗಬೇಕು ಅನಿಸಿತು, ಓಡಲಿಲ್ಲ. ಬರೆಯುವವರ ಕೆಟ್ಟ ಚಾಳಿ ಇದು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂದೂ ತಿಳಿಯಲಿಲ್ಲ. ಸಣ್ಣ ಅಂಗಡಿ ಉಳಿಸಿಕೊಳ್ಳಲು ಒದ್ದಾಡುವ ಹೆಂಗಸಿನ ಮೇಲೆ ಸಿಟ್ಟು ಬರುವುದಾದರೂ ಹೇಗೆ?

ಹಿಂದಿನ ಕೋಣೆಯ ಬಾಗಿಲಲ್ಲಿ ಸಿದ್ಧಾರ್ಥ್ ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದನೋ. "ಆಂಟಿ, ನಾನೇ ಕೀ ತಗೊಂಡೆ ಅಂತ ಹೇಳ್ತೀನಿ, ಪರ್ವಾಗಿಲ್ಲ," ಎಂದ. "ಬಂದಾಗಿಂದ ನೀವೇ ಊಟ ಹಾಕಿದೀರಾ. ನಿಮ್ ಅಂಗಡಿಗೆ ಪ್ರಾಬ್ಲಮ್ ಆಗೋದು ಬೇಡ. ಏನಾಗತ್ತೋ ನಾನ್ ಫೇಸ್ ಮಾಡ್ತೀನಿ." ಫೇಸ್ ಮಾಡುವುದೆಂದರೆ ಏನೆಂದು ಆ ಹುಡುಗನಿಗೆ ಗೊತ್ತಿರಲಿಲ್ಲ, ಆದರೂ ಹೇಳಿದ. ನನಗೆ ಅವನ ಮೇಲೆ ಅಕ್ಕರೆ ಬಂತು.

ಜಯಂತಿ ಅವನನ್ನು ನೋಡಿದರು. ಆಮೇಲೆ ಅವರು ಸೆವ್ರಿನ್ ಬಾಯಿಯ ಮೇಜಿನ ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಕಂಪನಿಯ ನಂಬರು ಸ್ವೆಟರಿನ ಜೇಬಿನಲ್ಲೇ ಇತ್ತು. ಒತ್ತಿದರು, ಕಾದರು, ಯಾರೋ ಎತ್ತಿದರು.

"ಹಲೋ. ಮಾರ್ನಿಂಗ್ ಯು ಕಾಲ್ಡ್ ಮಿ. ಯೆಸ್, ಮೈ ಕಾರ್." ಆ ಕಡೆಯವರು ಏನೋ ಉದ್ದಕ್ಕೆ ಕೇಳಿದರು. ಜಯಂತಿ ಕಣ್ಣು ಮುಚ್ಚಿಕೊಂಡರು. "ನೋ, ನೋ. ಹಿ ಡಿಡ್ ನಾಟ್ ಟೇಕ್. ಐ ಗೇವ್. ಮೈ ಓನ್ ಹ್ಯಾಂಡ್ ಐ ಗೇವ್."

ಮತ್ತೆ ಹೆಸರು, ವಿಳಾಸ, ತಾರೀಖು. ಎಲ್ಲ ಮುಗಿದ ಮೇಲೆ ಫೋನು ಕೆಳಗಿಟ್ಟು, ಸಿದ್ಧಾರ್ಥ್‌ನ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟು, ಹೊರಟರು. ಸೆವ್ರಿನ್ ಬಾಯಿಯ ಕಡೆ ನೋಡಲಿಲ್ಲ, ಹೋಗ್ತೇನೆ ಎಂದೂ ಹೇಳಲಿಲ್ಲ. ಹದಿನೆಂಟು ವರ್ಷದ ಸ್ನೇಹದಲ್ಲಿ ಇಂಥದ್ದು ಎಂದೂ ಆಗಿರಲಿಲ್ಲವಂತೆ.

ಸೆವ್ರಿನ್ ಬಾಯಿ ಕನ್ನಡಕ ತೆಗೆದು ಸೆರಗಿಲ್ಲದ ಫ್ರಾಕಿನ ಅಂಚಿನಲ್ಲಿ ಒರೆಸಿದರು. ಆಮೇಲೆ ಸಿದ್ಧಾರ್ಥ್‌ನನ್ನು ಎದುರು ಕೂರಿಸಿ ಅವನ ಪಾಲಿಸಿಯನ್ನು ಇವತ್ತಿನಿಂದಲೇ ಶುರುವಾಗುವಂತೆ ಬದಲಿಸಿದರು. ಅವನಿಗೆ ಒಂದೇ ಚಿಂತೆ, ಅಮ್ಮನಿಗೆ ಏನು ಹೇಳುವುದು?

"ನಿಜ ಹೇಳು. ಕಾರು ಮುಟ್ಟುದು, ಪೂಜೆ ಮಾಡ್ಸುದು ಎಲ್ಲ ನವರಾತ್ರಿಗೇ ಮಾಡು, ನಾನು ಬೇಡ ಹೇಳುದಿಲ್ಲ. ನಿಂಬೆಹಣ್ಣು ಬೇಕಾದ್ರೆ ಜಯಂತಿ ಅಂಗಡಿಯಲ್ಲೇ ತಗೋ. ಆದ್ರೆ ಇನ್ಶೂರೆನ್ಸ್ ಕಾರಿಗೆ ಹಾಕುವ ಹಾರ ಅಲ್ಲ ಮಗಾ, ಒಳ್ಳೇ ದಿನಕ್ಕೆ ಕಾಯ್ಲಿಕ್ಕೆ. ಕೆಟ್ಟ ದಿನಕ್ಕೇ ಅದು ಬೇಕಾಗುದು. ಅಮ್ಮ ಕೇಳಿದ್ರೆ ನನಗೆ ಫೋನ್ ಕೊಡು. ನಾನು ಸುಮಾರು ಅಮ್ಮಂದಿರ ಹತ್ರ ಮಾತಾಡಿದ್ದೇನೆ."

ಅವನು ಹೋದ ಮೇಲೆ ಅವರೇ ಹೇಳಿದರು, ಅಮ್ಮಂದಿರು ಯಾರೂ ಜಗಳ ಮಾಡುವುದಿಲ್ಲವಂತೆ. ಹಿರಿಯರು ಬಂದು ಹೋಗುವ ಹದಿನೈದು ದಿನದಲ್ಲೇ ಮೊಮ್ಮಗ ಏನೂ ಆಸರೆಯಿಲ್ಲದೆ ರಸ್ತೆಗೆ ಇಳಿದರೆ ಆ ಹಿರಿಯರಿಗೆ ಸಮಾಧಾನವಾದೀತೇ ಎಂದು ಇವರೇ ಕೇಳುತ್ತಾರಂತೆ. ಆ ಕಡೆಯಿಂದ "ಆಯ್ತಮ್ಮ, ನೀವು ದೊಡ್ಡೋರು ಹೇಳಿದ್ಮೇಲೆ" ಅಂತ ಬರುತ್ತದಂತೆ. ಪಂಚಾಂಗ ನೋಡಿ ಇನ್ಶೂರೆನ್ಸ್ ಬರೆಯುತ್ತಾಳೆ ಎಂದು ನಕ್ಕ ನನ್ನ ಗೆಳೆಯರಿಗೆ ಇದನ್ನು ಹೇಳಬೇಕು.

ಮಧ್ಯಾಹ್ನ ಅವರು ಊಟ ಮಾಡಲಿಲ್ಲ, ಹಸಿವಿಲ್ಲ ಎಂದರು. ಗಿರಾಕಿಗಳ ನಡುವೆ ಸಿಕ್ಕ ಬಿಡುವಿನಲ್ಲೆಲ್ಲ ಬೇರೆ ಬೇರೆ ಕಂಪನಿಗಳಿಗೆ ಫೋನ್ ಮಾಡುತ್ತಿದ್ದರು. ಯಾರಿಗಾಗಿ ಎಂದು ನಾನು ಕೇಳುವ ಮೊದಲೇ ಗೊತ್ತಾಯಿತು. ಮೂರು ಅಪಘಾತದ ದಾಖಲೆ ಇರುವ, ಅಂಗಡಿ ಸಾಮಾನು ಸಾಗಿಸುವ ಹಳೆಯ ವ್ಯಾಗನ್ನು. ಡಿಸೆಂಬರಿನಲ್ಲಿ ದೊಡ್ಡ ಕಂಪನಿ ಕೈಬಿಟ್ಟರೆ ಯಾರಾದರೂ ತೆಗೆದುಕೊಳ್ಳುತ್ತೀರಾ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಎಲ್ಲರೂ ಬೇಡವೆಂದವರನ್ನು ತಿಂಗಳಿಂದ ತಿಂಗಳಿಗೆ ಮಾತ್ರ ತೆಗೆದುಕೊಳ್ಳುವ ಕಂಪನಿಗಳೂ ಇವೆಯಂತೆ. ದುಬಾರಿ. ಒಂದು ದಿನ ಕಂತು ತಪ್ಪಿದರೆ ಪಾಲಿಸಿ ಸತ್ತಂತೆ. ಒಳ್ಳೆಯ ಕಾಲ ಬರುವವರೆಗೆ ಉಸಿರು ಹಿಡಿದುಕೊಂಡಿರಲು ಅಷ್ಟು ಸಾಕು ಎನ್ನುತ್ತಾರೆ ಇವರು. ಹೆಚ್ಚಿನವರು ಇಲ್ಲವೆಂದರು. ಸಂಜೆಯ ಹೊತ್ತಿಗೆ ಒಬ್ಬ, ಆಗ ಫೋನ್ ಮಾಡಿ, ನೋಡೋಣ ಎಂದ. ಗೋಡೆಯ ಪಂಚಾಂಗದಲ್ಲಿ ಡಿಸೆಂಬರಿನ ಹಾಳೆ ತಿರುವಿ ಅಲ್ಲೊಂದು ಗುರುತು ಹಾಕಿದರು.

"ಜಯಂತಿ ಅವರಿಗೆ ಹೇಳ್ತೀರಾ?" ಎಂದೆ.

"ಈಗ ಬೇಡ. ಈಗ ಹೇಳಿದ್ರೆ ನಾನು ಲಂಚ ಕೊಟ್ಟ ಹಾಗೆ ಆಗ್ತದೆ."

ಆರು ಗಂಟೆಗೆ ಬಾಗಿಲು ಹಾಕಿದೆವು. ಮನೆಯಲ್ಲಿ ಲಾರೆನ್ಸ್‌ಗೆ ಗಂಜಿ ಮಾಡಬೇಕು, ಕಾಲಿಗೆ ಎಣ್ಣೆ ತಿಕ್ಕಬೇಕು, ನಾಳೆ ಮತ್ತೆ ಆರೂವರೆ. ಕಾರಿನವರೆಗೆ ಇಬ್ಬರೂ ನಡೆದೆವು. ಎರಡು ಬಾಗಿಲು ಆಚೆ ದಿನಸಿ ಅಂಗಡಿಯ ದೀಪ ಉರಿಯುತ್ತಿತ್ತು, ಶಾಂತಾರಾಮರು ಕೌಂಟರಿನಲ್ಲಿ ಒಬ್ಬರೇ ಕೂತಿದ್ದರು. ಸೆವ್ರಿನ್ ಬಾಯಿ ಆ ಕಡೆ ಕತ್ತು ತಿರುಗಿಸಲಿಲ್ಲ.

ಇಂಥ ಬರಹ ಬರೆಯುವವರು ಕೊನೆಗೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನಾಚುತ್ತಲೇ ಕೇಳಿದೆ: ನಿಮಗೆ ಏನಾದರೂ ಆಸೆ ಇದೆಯೇ?

"ನನ್ನದೆಂತ ಆಸೆ? ಈ ಮಂಡಿ ಒಂದು ಸರಿಯಾದ್ರೆ ಸಾಕು," ಎಂದರು. ಬಾಗಿಲು ಹಿಡಿದು ನಿಧಾನವಾಗಿ ಒಳಗೆ ಕೂತರು. ಕೂತ ಮೇಲೂ ಕಾರು ಶುರು ಮಾಡಲಿಲ್ಲ.

"ಜಯಂತಿ ನನ್ನ ಹತ್ರ ಮಾತು ಬಿಟ್ರೆ ಬಿಡ್ಲಿ. ಅದನ್ನು ನಾನು ತಡ್ಕೊಳ್ತೇನೆ. ಆದ್ರೆ ನಾಳೆ ಯಾರಾದ್ರೂ ಹೊಸಬರು ಬಂದು ನಿಂತ್ರೆ ಅವಳು ಕೀ ಕೊಡುದು ಮಾತ್ರ ಬಿಡ್ಬಾರ್ದು. ಅದು ನಿಂತು ಹೋದ್ರೆ, ಇಷ್ಟು ವರ್ಷ ನಾನು ಕಾದದ್ದಾದ್ರೂ ಎಂತದ್ದನ್ನು?"